ಆಪರೇಷನ್ನಿಗೆ ಮುನ್ನ ಚರ್ಮಕ್ಕೆ ಹಚ್ಚುವ ಔಷಧಗಳು: ಥಿಯೇಟರ್ ಸಿಸ್ಟರ್ ಒಬ್ಬಳ ವಿಮರ್ಶೆ

ಕಳೆದ ತಿಂಗಳು ನನ್ನ ತಮ್ಮನ ಮಗಳಿಗೆ ಕೋಲಾರದ ಒಂದು ನರ್ಸಿಂಗ್ ಹೋಮ್‌ನಲ್ಲಿ ಸಿಸೇರಿಯನ್‌ಗೆ ದಿನ ಗೊತ್ತಾಗಿತ್ತು. ಮೆಡಿಕಲ್ ಸ್ಟೋರಿನಿಂದ ತರಬೇಕಾದ ಸಾಮಾನುಗಳ ಚೀಟಿಯನ್ನು ಹಿಂದಿನ ಸಂಜೆಯೇ ತಮ್ಮನ ಕೈಗೆ ಕೊಟ್ಟಿದ್ದರು. ಗಾಜ್, ಗ್ಲೌಸ್, ಹೊಲಿಗೆಯ ದಾರ ಇವುಗಳ ಕೆಳಗೆ ಎರಡು ಬಾಟಲಿಗಳ ಹೆಸರಿತ್ತು: ಪೊವಿಡೋನ್ ಅಯೋಡಿನ್ ಒಂದು, ಸ್ಪಿರಿಟ್ ಬೆರೆಸಿದ ಕ್ಲೋರ್‌ಹೆಕ್ಸಿಡಿನ್ ಇನ್ನೊಂದು. ತಮ್ಮ ಕಠಾರಿಪಾಳ್ಯದ ನಮ್ಮ ಮನೆಗೆ ಬಂದು, "ಅಕ್ಕಾ, ಎರಡೂ ನಂಜಾಗದಿರಲಿ ಅಂತ ಹಚ್ಚೋ ಔಷಧಾನೇ ತಾನೇ? ಒಂದು ತಂದ್ರೆ ಸಾಲದಾ?" ಎಂದು ಕೇಳಿದ. ಮೂವತ್ತೊಂದು ವರ್ಷ ಈ ಜಿಲ್ಲೆಯ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳ ಥಿಯೇಟರುಗಳಲ್ಲಿ ಈ ಬಾಟಲಿಗಳನ್ನೇ ಕೈಯಲ್ಲಿ ಹಿಡಿದು ನಿವೃತ್ತಳಾದ ನನಗೂ ಆ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗಲಿಲ್ಲ. ಹಾಗಾಗಿ ಈ ಬರಹ. ಆಪರೇಷನ್‌ಗೆ ಹೋಗುವವರ ಮನೆಯವರು ಅಂಗಡಿಯಲ್ಲಿ ನಿಂತು ಯಾವುದನ್ನು ಕೊಳ್ಳಬೇಕು, ಯಾವುದರ ಮೇಲೆ ಎಷ್ಟು ನಂಬಿಕೆ ಇಡಬೇಕು ಎಂಬುದನ್ನು ನನಗೆ ತಿಳಿದಷ್ಟು ಬರೆದಿದ್ದೇನೆ.

ಮೊದಲು ಈ ಔಷಧಗಳಿಂದ ಏನನ್ನು ನಿರೀಕ್ಷಿಸಬೇಕು ಎಂಬುದನ್ನು ಹೇಳಿಬಿಡುತ್ತೇನೆ. ಆಪರೇಷನ್ ಆದ ಗಾಯ ನಂಜಾದಾಗ ನಮ್ಮ ಜನ ಆಸ್ಪತ್ರೆಯ ಗಾಳಿಯನ್ನೋ ಮಂಚವನ್ನೋ ದೂರುತ್ತಾರೆ. ಆದರೆ ಆ ಗಾಯದಲ್ಲಿ ಕೀವು ಮಾಡುವ ಸೂಕ್ಷ್ಮಾಣುಗಳು ಬಹುಪಾಲು ರೋಗಿಯ ಚರ್ಮದ ಮೇಲೆಯೇ ವಾಸವಾಗಿದ್ದವು. ಸ್ಟೆಫೈಲೊಕಾಕಸ್ ಆರಿಯಸ್ ಅವುಗಳಲ್ಲಿ ಮುಖ್ಯವಾದದ್ದು. ಕೂದಲ ಬುಡದಲ್ಲಿ, ಬೆವರಿನ ಗ್ರಂಥಿಗಳಲ್ಲಿ ಅಡಗಿರುವ ಇವುಗಳನ್ನು ಪೂರ್ತಿ ನಿರ್ಮೂಲ ಮಾಡುವ ಔಷಧ ಇನ್ನೂ ಬಂದಿಲ್ಲ. ಚಾಕು ಚರ್ಮವನ್ನು ಸೀಳುವ ಹೊತ್ತಿಗೆ ಅವುಗಳ ಸಂಖ್ಯೆಯನ್ನು ತೀರ ಇಳಿಸಿ, ಹೊಲಿಗೆ ಮುಗಿಯುವವರೆಗೆ ಮತ್ತೆ ಏರದಂತೆ ಹಿಡಿದಿಟ್ಟರೆ ಬಾಟಲಿ ತನ್ನ ಕೆಲಸ ಮಾಡಿದಂತೆ.

ಕಂದು ಬಾಟಲಿಯಿಂದ ಆರಂಭಿಸುತ್ತೇನೆ. ಬೆಟಾಡಿನ್ ಎಂಬ ಒಂದು ಕಂಪನಿಯ ಹೆಸರೇ ನಮ್ಮಲ್ಲಿ ಆ ಜಾತಿಯ ಔಷಧಕ್ಕೆಲ್ಲ ಹೆಸರಾಗಿ ನಿಂತುಬಿಟ್ಟಿದೆ. ಅದರೊಳಗಿರುವುದು ಪೊವಿಡೋನ್ ಅಯೋಡಿನ್, ಅಂದರೆ ಅಯೋಡಿನ್ನನ್ನು ಒಂದು ಪಾಲಿಮರ್‌ಗೆ ಕಟ್ಟಿಹಾಕಿ, ಚರ್ಮವನ್ನು ಸುಡದಂತೆ ಸ್ವಲ್ಪಸ್ವಲ್ಪವಾಗಿಯೇ ಬಿಡುಗಡೆಯಾಗುವಂತೆ ಮಾಡಿದ ದ್ರಾವಣ. 1950ರ ದಶಕದಲ್ಲಿ ಅಮೆರಿಕದಲ್ಲಿ ಇದು ಸಿದ್ಧವಾಗುವ ಮೊದಲು ಎಲ್ಲೆಡೆ ಬಳಕೆಯಲ್ಲಿದ್ದದ್ದು ಟಿಂಚರ್ ಅಯೋಡಿನ್. ಮಂಡಿ ತರಚಿದ ಮಕ್ಕಳು ಟಿಂಚರ್ ಎಂಬ ಹೆಸರು ಕೇಳಿದರೇ ಓಡುತ್ತಿದ್ದುದನ್ನು ನನ್ನ ವಯಸ್ಸಿನವರು ಮರೆತಿರಲಾರರು. ಪೊವಿಡೋನ್ ಹಾಗೆ ಉರಿಯುವುದಿಲ್ಲ. ಬ್ಯಾಕ್ಟೀರಿಯಾ, ಶಿಲೀಂಧ್ರ, ವೈರಸ್ ಎಲ್ಲದರ ಮೇಲೂ ಕೆಲಸ ಮಾಡುತ್ತದೆ. ಕಣ್ಣಿನ ಪೊರೆಯ ಆಪರೇಷನ್‌ಗೆ ಮುನ್ನ ಕಣ್ಣಿನೊಳಕ್ಕೇ 5% ದ್ರಾವಣದ ಹನಿ ಹಾಕುವಷ್ಟು ಸೌಮ್ಯ. ಬಣ್ಣವಿರುವುದರಿಂದ ಎಲ್ಲಿಯವರೆಗೆ ಹಚ್ಚಿದೆ, ಎಲ್ಲಿ ತಪ್ಪಿಹೋಗಿದೆ ಎಂಬುದು ನಡುರಾತ್ರಿಯ ತುರ್ತು ಆಪರೇಷನ್ನಿನಲ್ಲೂ ಕಣ್ಣಿಗೆ ಕಾಣುತ್ತದೆ. ನನ್ನ ಮಟ್ಟಿಗೆ ಇದು ಸಣ್ಣ ಗುಣವಲ್ಲ.

ದೋಷಗಳೂ ಇವೆ. ರಕ್ತ, ಕೀವು ಸೇರಿದರೆ ಅಯೋಡಿನ್ನಿನ ಶಕ್ತಿ ಕುಂದುತ್ತದೆ; ಒಣಗಲು ಕನಿಷ್ಠ 2 ನಿಮಿಷ ಬೇಕು; ಹಚ್ಚಿದ್ದನ್ನು ಒರೆಸಿ ತೆಗೆದರೆ ಚರ್ಮದ ಮೇಲೆ ಅದರ ಪರಿಣಾಮ ಹೆಚ್ಚು ಹೊತ್ತು ಉಳಿಯುವುದಿಲ್ಲ. ಧಾರಾಳವಾಗಿ ಸುರಿದು ಬೆನ್ನಿನ ಕೆಳಗೆ ಹರಿದು ನಿಂತರೆ, ಎರಡು ಗಂಟೆಯ ಆಪರೇಷನ್ ಮುಗಿಯುವ ಹೊತ್ತಿಗೆ ಅಲ್ಲಿಯ ಚರ್ಮ ಸುಟ್ಟಂತಾಗಿರುತ್ತದೆ. ರೋಗಿಯನ್ನು ಮಗ್ಗುಲಿಗೆ ತಿರುಗಿಸಿದಾಗಲೇ ಅದು ತಿಳಿಯುವುದು. ನವಜಾತ ಶಿಶುಗಳಲ್ಲಿ ಅಯೋಡಿನ್ ಚರ್ಮದ ಮೂಲಕ ಒಳಹೋಗಿ ಥೈರಾಯ್ಡ್ ಮೇಲೆ ಪರಿಣಾಮ ಬೀರಬಹುದಾದ್ದರಿಂದ ಅಲ್ಲಿ ಕೈ ಹಿಡಿದು ಬಳಸಬೇಕು. ಮೀನು, ಸೀಗಡಿ ತಿಂದರೆ ಮೈ ತುರಿಸುವವರಿಗೆ ಇದೂ ಆಗದು ಎಂಬ ಮಾತೊಂದು ನಮ್ಮಲ್ಲಿ ಹಬ್ಬಿದೆ. ಆ ಅಲರ್ಜಿ ಮೀನಿನ ಪ್ರೋಟೀನಿನದು, ಅಯೋಡಿನ್ನಿಗೂ ಅದಕ್ಕೂ ಸಂಬಂಧವಿಲ್ಲ.

ಕಲೆಯ ವಿಷಯದಲ್ಲಿ ಒಂದು ಸಣ್ಣ ಸಂಗತಿ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಗಂಜಿ ಹಾಕಿ ಇಸ್ತ್ರಿ ಮಾಡಿದ ನನ್ನ ಬಿಳಿಯ ಸೀರೆಯ ಸೆರಗಿಗೆ ಈ ದ್ರಾವಣ ಚಿಮ್ಮಿತು. ಕಂದು ಕಲೆಯಾದೀತು ಎಂದುಕೊಂಡರೆ, ಕಣ್ಣೆದುರೇ ಅದು ಕಡುನೀಲಿಗೆ ತಿರುಗಿತು. ಮಾಟ ಮಾಡಿಸಿದ್ದಾರೇನೋ ಎಂದು ಆಯಾ ಹೆದರಿದಳು. ಪಿಷ್ಟಕ್ಕೆ ಅಯೋಡಿನ್ ತಗುಲಿದರೆ ನೀಲಿಯಾಗುವುದನ್ನು ಹೈಸ್ಕೂಲಿನಲ್ಲಿ ಆಲೂಗಡ್ಡೆಯ ಹೋಳಿನ ಮೇಲೆ ಮಾಡಿ ತೋರಿಸಿದ್ದ ಮೇಷ್ಟ್ರು ನೆನಪಾದರು. ಕಲೆಯ ಮೇಲೆ ನಿಂಬೆಹಣ್ಣು ಉಜ್ಜಿ ಒಗೆದರೆ ಬಹುಮಟ್ಟಿಗೆ ಹೋಗುತ್ತದೆ.

ಅಂಗಡಿಯಲ್ಲಿ ಆಗುವ ದೊಡ್ಡ ಎಡವಟ್ಟು ಬೇರೆಯೇ ಇದೆ. ಕಂದು ಬಾಟಲಿ ಒಂದೇ ಬಗೆಯದಲ್ಲ. 5% ಮತ್ತು 10% ಎಂದಿರುವವು ಹಚ್ಚುವ ದ್ರಾವಣಗಳು, 7.5% ಎಂದಿದ್ದು ಜೊತೆಗೆ ಸ್ಕ್ರಬ್ ಎಂಬ ಪದವಿದ್ದರೆ ಅದರಲ್ಲಿ ಸೋಪಿನಂಥ ನೊರೆಯ ಪದಾರ್ಥ ಸೇರಿರುತ್ತದೆ. ಅದು ಕೈ ತೊಳೆಯುವುದಕ್ಕೆ ಅಥವಾ ಚರ್ಮವನ್ನು ತೊಳೆದು ಒರೆಸಿ ತೆಗೆಯುವುದಕ್ಕೆ. ಗಾಯದೊಳಗೆ ಹೋಗಕೂಡದು, ಹಚ್ಚಿ ಹಾಗೇ ಬಿಡಕೂಡದು. ಎರಡು ಬಾಟಲಿಗಳೂ ನೋಡಲು ಅಣ್ಣ-ತಮ್ಮಂದಿರಂತೆ ಇರುತ್ತವೆ. ಅವಸರದಲ್ಲಿ ಒಂದರ ಬದಲು ಇನ್ನೊಂದನ್ನು ತಂದವರನ್ನು ನಾನೇ ಎಷ್ಟೋ ಸಲ ವಾಪಸ್ ಅಂಗಡಿಗೆ ಅಟ್ಟಿದ್ದೇನೆ. ಇನ್ನೊಂದು ಮಾತು: 10% ಎಂದರೆ ಅದರಲ್ಲಿ ಕೆಲಸಕ್ಕೆ ಒದಗುವ ಅಯೋಡಿನ್ 1% ಮಾತ್ರ. ಜನೌಷಧಿ ಕೇಂದ್ರದ ಬಾಟಲಿಯ ಮೇಲೂ ಇದೇ ಪ್ರಮಾಣ ಬರೆದಿದ್ದರೆ, ಕಂಪನಿಯ ಹೆಸರಿಗಾಗಿ ಹೆಚ್ಚು ಹಣ ತೆರುವ ಅಗತ್ಯ ನನಗೆ ಕಂಡಿಲ್ಲ.

ಇನ್ನು ಕ್ಲೋರ್‌ಹೆಕ್ಸಿಡಿನ್. ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ ಹುಟ್ಟಿ 1954ರಲ್ಲಿ ಮಾರುಕಟ್ಟೆಗೆ ಬಂದ ಔಷಧವಿದು. ಆಪರೇಷನ್ನಿಗೆ ಮುನ್ನ ಚರ್ಮಕ್ಕೆ ಹಚ್ಚಲು ಈಗ ಹೆಚ್ಚಾಗಿ ಹೇಳುವುದು 70% ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ, ಅಂದರೆ ಸ್ಪಿರಿಟ್‌ನಲ್ಲಿ, ಕರಗಿಸಿದ 2% ದ್ರಾವಣವನ್ನು. ಇಲ್ಲಿ ಕೆಲಸ ಇಬ್ಬರು ಹಂಚಿಕೊಂಡು ಮಾಡುತ್ತಾರೆ: ಸ್ಪಿರಿಟ್ ಕೆಲವೇ ಕ್ಷಣಗಳಲ್ಲಿ ಸೂಕ್ಷ್ಮಾಣುಗಳನ್ನು ಕೊಂದು ಆರಿಹೋಗುತ್ತದೆ, ಕ್ಲೋರ್‌ಹೆಕ್ಸಿಡಿನ್ ಚರ್ಮಕ್ಕೆ ಅಂಟಿಕೊಂಡು ಗಂಟೆಗಟ್ಟಲೆ ಕಾವಲಿರುತ್ತದೆ. ರಕ್ತ ತಗುಲಿದರೂ ಅಯೋಡಿನ್ನಿನಷ್ಟು ಬೇಗ ಸೋಲುವುದಿಲ್ಲ. ಬೆಲೆ ಮಾತ್ರ ಕಂದು ಬಾಟಲಿಗಿಂತ ಹೆಚ್ಚು.

ಆದರೆ ಇದು ತಾಳ್ಮೆ ಬೇಡುವ ಔಷಧ. ಒಣ ಚರ್ಮವಾದರೆ 30 ಸೆಕೆಂಡು, ತೊಡೆಸಂದಿಯಂಥ ತೇವದ ಜಾಗವಾದರೆ 2 ನಿಮಿಷ ಹಿಂದಕ್ಕೂ ಮುಂದಕ್ಕೂ ಉಜ್ಜಿ ಹಚ್ಚಿ, ಆಮೇಲೆ ಕನಿಷ್ಠ 3 ನಿಮಿಷ ಮುಟ್ಟದೆ ಒಣಗಲು ಬಿಡಬೇಕು. ಕೂದಲಿರುವ ಕಡೆ ಪೂರ್ತಿ ಒಣಗಲು ಒಂದು ಗಂಟೆಯವರೆಗೂ ಹಿಡಿಯಬಹುದು. ಒಣಗುವ ಮೊದಲೇ ಹಸಿರು ಬಟ್ಟೆ ಹೊದಿಸಿ, ರಕ್ತ ನಿಲ್ಲಿಸುವ ವಿದ್ಯುತ್ ಉಪಕರಣದ ಕಿಡಿ ತಾಗಿಸಿದರೆ ಆ ಸ್ಪಿರಿಟ್‌ನ ಆವಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ಹಗಲಿನ ಬೆಳಕಿನಲ್ಲಿ ಸ್ಪಿರಿಟ್‌ನ ಜ್ವಾಲೆ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಹೊಕ್ಕುಳಿನಲ್ಲಿ ಒಂದು ಚಮಚದಷ್ಟು ನಿಂತಿದ್ದರೂ ಸಾಕು. ಒಣಗಿತೇ ಎಂದು ನೋಡದೆ ಬಟ್ಟೆ ಹೊದಿಸಲು ಹೊರಟ ಹೊಸ ಡಾಕ್ಟರರ ಕೈಯನ್ನು ನಾನು ತಡೆದದ್ದುಂಟು. ಅವರು ಸಿಟ್ಟಾದದ್ದೂ ಉಂಟು.

ಕಣ್ಣು, ನಡುಗಿವಿ, ಮೆದುಳು ಮತ್ತು ಬೆನ್ನುಹುರಿಯ ಪೊರೆಗಳ ಹತ್ತಿರ ಕ್ಲೋರ್‌ಹೆಕ್ಸಿಡಿನ್ ಹೋಗಕೂಡದು. ಅಪರೂಪಕ್ಕೆ ಇದರಿಂದ ಜೀವಕ್ಕೇ ಅಪಾಯವಾಗುವ ಅಲರ್ಜಿ ಆಗುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಎಚ್ಚರಿಸಿದೆ. ಬಣ್ಣ ಬೆರೆಸದ ಬಾಟಲಿಯಾದರೆ ಎಲ್ಲಿ ಹಚ್ಚಿದೆ ಎಂಬುದೇ ತಿಳಿಯದು, ಆದ್ದರಿಂದ ಬಣ್ಣದ್ದನ್ನೇ ಕೇಳಿ ತರುವುದು ಲೇಸು. ಮತ್ತೊಂದು ವಿಚಿತ್ರವೆಂದರೆ, ನೀರಿನಂತಿರುವ ಈ ದ್ರಾವಣ ಬಿದ್ದ ಬಟ್ಟೆಯನ್ನು ಧೋಬಿ ಬ್ಲೀಚಿಂಗ್ ಹಾಕಿ ಒಗೆದರೆ ಕಂದು ಕಲೆ ಏಳುತ್ತದೆ, ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ. ಬಿಳಿ ಬಟ್ಟೆಗೆ ಇವೆರಡರಲ್ಲಿ ನಿಜವಾದ ಶತ್ರು ಯಾರು ಎಂದು ಕೇಳಿದರೆ ನಾನು ಬಣ್ಣವಿಲ್ಲದ ಬಾಟಲಿಯನ್ನೇ ತೋರಿಸುತ್ತೇನೆ.

ಹಾಗಾದರೆ ಯಾವುದು ಮೇಲು? ದೊಡ್ಡ ದೊಡ್ಡ ಅಧ್ಯಯನಗಳೇ ಇಲ್ಲಿ ಒಂದೇ ಮಾತು ಹೇಳುವುದಿಲ್ಲ. 2010ರಲ್ಲಿ ಅಮೆರಿಕದ 6 ಆಸ್ಪತ್ರೆಗಳ 849 ರೋಗಿಗಳ ಅಧ್ಯಯನವೊಂದು ಪ್ರಕಟವಾಯಿತು. ಕ್ಲೋರ್‌ಹೆಕ್ಸಿಡಿನ್ ಸ್ಪಿರಿಟ್ ಹಚ್ಚಿದವರಲ್ಲಿ 9.5% ಜನಕ್ಕೆ, ಪೊವಿಡೋನ್ ಹಚ್ಚಿದವರಲ್ಲಿ 16.1% ಜನಕ್ಕೆ ನಂಜಾಗಿತ್ತು. ಅಂತರ ದೊಡ್ಡದೇ. ಆದರೆ ಅಲ್ಲಿ ಕ್ಲೋರ್‌ಹೆಕ್ಸಿಡಿನ್ನಿನ ಬೆನ್ನಿಗೆ ಸ್ಪಿರಿಟ್ ಇತ್ತು, ಅಯೋಡಿನ್ನಿನ ಬೆನ್ನಿಗೆ ಬರೀ ನೀರಿತ್ತು. ಒಬ್ಬನಿಗೆ ಸೈಕಲ್ ಕೊಟ್ಟು ಇನ್ನೊಬ್ಬನನ್ನು ನಡೆಸಿ, ಯಾರು ಬೇಗ ಅಂತರಗಂಗೆ ತಲುಪಿದರು ಎಂದು ನೋಡಿದಂತೆ ಅದು. 2016ರಲ್ಲಿ 1,147 ಸಿಸೇರಿಯನ್‌ಗಳ ಅಧ್ಯಯನದಲ್ಲಿ ಎರಡಕ್ಕೂ ಸ್ಪಿರಿಟ್ ಬೆರೆಸಿದ್ದರು. ಆಗಲೂ ಕ್ಲೋರ್‌ಹೆಕ್ಸಿಡಿನ್ ಗೆದ್ದಿತು: 4.0% ಮತ್ತು 7.3%. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಾರ್ಗಸೂಚಿಯಲ್ಲಿ ಸ್ಪಿರಿಟ್ ಬೆರೆಸಿದ ಕ್ಲೋರ್‌ಹೆಕ್ಸಿಡಿನ್ನನ್ನೇ ಶಿಫಾರಸು ಮಾಡಿತು.

ಅಲ್ಲಿಗೆ ಮುಗಿಯಲಿಲ್ಲ. 2024ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹೃದಯ ಮತ್ತು ಹೊಟ್ಟೆಯ ಆಪರೇಷನ್ ಆದ 3,300ಕ್ಕೂ ಹೆಚ್ಚು ಜನರನ್ನು ಗಮನಿಸಿದಾಗ, ಸ್ಪಿರಿಟ್ ಬೆರೆಸಿದ ಪೊವಿಡೋನ್‌ನಲ್ಲಿ 5.1%, ಸ್ಪಿರಿಟ್ ಬೆರೆಸಿದ ಕ್ಲೋರ್‌ಹೆಕ್ಸಿಡಿನ್‌ನಲ್ಲಿ 5.5% ನಂಜು ಕಂಡಿತು. ಎರಡೂ ಸಮ ಎಂದೇ ಅರ್ಥ. ಅದೇ ವರ್ಷ ಮೂಳೆ ಮುರಿತದ ಆಪರೇಷನ್ನುಗಳ ಒಂದು ದೊಡ್ಡ ಅಧ್ಯಯನದಲ್ಲಿ, ಚರ್ಮ ಹರಿಯದ ಮುರಿತಗಳಲ್ಲಿ ಸ್ಪಿರಿಟ್ ಬೆರೆಸಿದ ಅಯೋಡಿನ್ನೇ ಮೇಲಾಯಿತು: 2.4% ಮತ್ತು 3.3%.

ನಮ್ಮ ಜಿಲ್ಲೆಯವರು ಹೆಚ್ಚು ಗಮನಿಸಬೇಕಾದದ್ದು 2021ರ ಅಧ್ಯಯನವನ್ನು. ಭಾರತವೂ ಸೇರಿದಂತೆ 7 ದೇಶಗಳ 54 ಆಸ್ಪತ್ರೆಗಳಲ್ಲಿ, ನಮ್ಮಂಥದೇ ಅನುಕೂಲ-ಅನನುಕೂಲಗಳ ನಡುವೆ, ಹೊಟ್ಟೆಯ ಆಪರೇಷನ್ ಆದ 5,788 ರೋಗಿಗಳನ್ನು ಅದಕ್ಕೆ ಸೇರಿಸಿಕೊಂಡಿದ್ದರು. ದುಬಾರಿಯ ಕ್ಲೋರ್‌ಹೆಕ್ಸಿಡಿನ್ ಸ್ಪಿರಿಟ್ ಒಂದು ಕಡೆ, ನೀರಿನಲ್ಲಿ ಕರಗಿಸಿದ ಸಾಧಾರಣ 10% ಪೊವಿಡೋನ್ ಇನ್ನೊಂದು ಕಡೆ. ಒಟ್ಟಾರೆ 22% ಜನಕ್ಕೆ ನಂಜಾಯಿತು, ಬಾಟಲಿ ಬದಲಾದದ್ದರಿಂದ ಆ ಲೆಕ್ಕ ಗಣನೀಯವಾಗಿ ಇಳಿಯಲಿಲ್ಲ. ಕ್ಲೋರ್‌ಹೆಕ್ಸಿಡಿನ್ ಕೆಲಸಕ್ಕೆ ಬಾರದು ಎಂದು ನಾನು ಇದನ್ನು ಓದಿಕೊಂಡಿಲ್ಲ. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ನಂಜಾಗುತ್ತಿರುವ ಕಡೆ ತೊಂದರೆಯ ಬೇರು ಬಾಟಲಿಯ ಆಚೆಗೂ ಚಾಚಿಕೊಂಡಿದೆ ಎಂದು ಓದಿಕೊಂಡಿದ್ದೇನೆ. ಕರುಳು ತೂತಾಗಿ ಮೂರು ದಿನದ ಮೇಲೆ ಆಸ್ಪತ್ರೆಗೆ ಬಂದವನ ಹೊಟ್ಟೆಯ ಚರ್ಮಕ್ಕೆ ಯಾವ ಬಣ್ಣ ಬಳಿದರೂ ಒಳಗಿನ ಕೀವು ಹಾಗೆಯೇ ಇರುತ್ತದೆ.

ಚಿಂತಾಮಣಿ ಕಡೆಯ ಒಬ್ಬ ರೇಷ್ಮೆ ರೈತರಿಗೆ, ಮಗನ ಅಪೆಂಡಿಕ್ಸ್ ಆಪರೇಷನ್ನಿಗೆ ಮೊದಲು, ಸ್ನಾನ ಮಾಡಿಸಿಕೊಂಡು ಬನ್ನಿ ಎಂದು ನಾನು ಹೇಳಿದ್ದೆ. ಅವರು ತಕ್ಷಣ, "ಗೊತ್ತಾಯ್ತು ಸಿಸ್ಟರ್, ಹುಳುಮನೆ ಗುಡಿಸಿ ತೊಳೀದೆ ಬ್ಲೀಚಿಂಗ್ ಹೊಡೆದ್ರೆ ದುಡ್ಡು ದಂಡ" ಎಂದರು. ಅಷ್ಟು ಚೆನ್ನಾಗಿ ನಾನೂ ಎಂದೂ ವಿವರಿಸಿರಲಿಲ್ಲ. ಕೊಳೆಯಿದ್ದ ಕಡೆ ಔಷಧದ ಶಕ್ತಿಯೆಲ್ಲ ಕೊಳೆಗೇ ಖರ್ಚಾಗುತ್ತದೆ. ಹಿಂದಿನ ರಾತ್ರಿ ಅಥವಾ ಅಂದೇ ಬೆಳಿಗ್ಗೆ ಮಾಮೂಲಿ ಸೋಪಿನಲ್ಲಿ ಸ್ನಾನ ಮಾಡಿದರೆ ಸಾಕು, ಅದಕ್ಕೆಂದು ವಿಶೇಷ ಸೋಪು ಕೊಳ್ಳಬೇಕಿಲ್ಲ. ಸೋಪನ್ನು ಮಾತ್ರ ಪೂರ್ತಿ ತೊಳೆದುಕೊಳ್ಳಬೇಕು, ಏಕೆಂದರೆ ಸೋಪಿನ ಶೇಷ ಕ್ಲೋರ್‌ಹೆಕ್ಸಿಡಿನ್ನಿನ ಕೆಲಸ ಕೆಡಿಸುತ್ತದೆ. ಮನೆಯಲ್ಲಿ ರೇಜರ್ ಹಿಡಿದು ಕೂದಲು ಬೋಳಿಸಿಕೊಂಡು ಬರುವುದಂತೂ ಬೇಡವೇ ಬೇಡ. ಬ್ಲೇಡು ಮಾಡುವ ಕಣ್ಣಿಗೆ ಕಾಣದ ಗೀರುಗಳಲ್ಲಿ ಸೂಕ್ಷ್ಮಾಣುಗಳು ರಾತ್ರಿಯೆಲ್ಲ ಬೆಳೆಯುತ್ತವೆ. ನನ್ನ ಸ್ವಂತ ತಂಗಿಯ ಹರ್ನಿಯಾ ಆಪರೇಷನ್ನಿಗೆ ಹಿಂದಿನ ಸಂಜೆಯೇ ಹೀಗೆ ಬೋಳಿಸಿದ್ದರು, ನಾನು ಊರಲ್ಲಿರಲಿಲ್ಲ. ಹನ್ನೆರಡು ದಿನ ಕೀವು ಸುರಿಯಿತು. ರೇಜರೇ ಕಾರಣವೆಂದು ಪ್ರಮಾಣ ಮಾಡಿ ಹೇಳಲಾರೆ, ಆದರೆ ಕೂದಲು ಅಡ್ಡ ಬರುವುದಾದರೆ ಕ್ಲಿಪ್ಪರಿನಿಂದ ಕತ್ತರಿಸಬೇಕೆಂದು ಆ ಹೊತ್ತಿಗೆ ಎಲ್ಲರಿಗೂ ತಿಳಿದಿತ್ತು.

ಮೂರನೆಯದು ಸ್ಯಾವ್ಲಾನ್ ಜಾತಿಯ, ಕ್ಲೋರ್‌ಹೆಕ್ಸಿಡಿನ್ ಜೊತೆ ಸೆಟ್ರಿಮೈಡ್ ಸೇರಿದ ದ್ರಾವಣ. ಚರ್ಮದ ಜಿಡ್ಡು, ಮಣ್ಣು ತೊಳೆಯಲು ಇದು ಒಳ್ಳೆಯದು. ಆಪರೇಷನ್ನಿಗೆ ಮುನ್ನ ಕೊನೆಯದಾಗಿ ಹಚ್ಚುವ ಔಷಧವಾಗಿ ಇದನ್ನು ನಾನು ಒಪ್ಪುವುದಿಲ್ಲ. ಕ್ಯಾನಿನಲ್ಲಿ ಬರುವ ಗಟ್ಟಿ ದ್ರಾವಣವನ್ನು ಆಸ್ಪತ್ರೆಯಲ್ಲೇ ನೀರು ಬೆರೆಸಿ ತೆಳುವಾಗಿಸುತ್ತಾರಲ್ಲ, ತೊಂದರೆ ಹುಟ್ಟುವುದು ಅಲ್ಲೇ. ನಮ್ಮ ಕಡೆಯ ಬೋರ್‌ವೆಲ್ ನೀರಿನ ಗಡಸುತನ ಗೊತ್ತೇ ಇದೆ. ಗಡಸು ನೀರಿನ ಲವಣಗಳೊಂದಿಗೆ ಕ್ಲೋರ್‌ಹೆಕ್ಸಿಡಿನ್ ಸೇರಿ ಗಷ್ಟಾಗಿ ತಳಕ್ಕೆ ಇಳಿಯಬಹುದು. ನಾನು ಕೆಲಸ ಮಾಡಿದ ಒಂದು ಕಡೆ, ಅರ್ಧ ಖಾಲಿಯಾದ ಬಾಟಲಿಗೆ ಹೊಸದನ್ನು ಸುರಿದು ತುಂಬಿಸುವ ಪದ್ಧತಿ ವರ್ಷಗಟ್ಟಲೆ ನಡೆದಿತ್ತು. ಒಮ್ಮೆ ಆ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ: ತಳದಲ್ಲಿ ಹತ್ತಿಯ ಎಳೆಯಂಥದು ತೇಲುತ್ತಿತ್ತು, ಬಿರಡೆಯ ಒಳಗೆ ಬೆರಳಿಗೆ ಜಾರುವ ಲೋಳೆ ಕಟ್ಟಿತ್ತು. ತೆಳು ಮಾಡಿದ ನಂಜುನಿರೋಧಕದಲ್ಲಿಯೇ ಬೆಳೆದು ಬದುಕುವ ಸೂಕ್ಷ್ಮಾಣುಗಳಿವೆ. ಪೊವಿಡೋನ್‌ನಲ್ಲೂ ಅಂಥವು ಸಿಕ್ಕ ಉದಾಹರಣೆಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಆ ದಿನದಿಂದ ನಾನು ಐದು ಲೀಟರಿನ ಕ್ಯಾನಿಗಿಂತ ನೂರು ಮಿಲಿಯ ಸೀಲ್ ಒಡೆಯದ ಬಾಟಲಿಯ ಪಕ್ಷ.

ಬರೀ ಸ್ಪಿರಿಟ್ ಇಂಜೆಕ್ಷನ್‌ಗೆ ಸಾಕು. ಆರಿದ ಮೇಲೆ ಅದರ ಕಾವಲೂ ಆರಿಹೋಗುವುದರಿಂದ ಆಪರೇಷನ್ನಿಗೆ ಸಾಲದು. ಹೈಡ್ರೋಜನ್ ಪೆರಾಕ್ಸೈಡ್ ನೊರೆನೊರೆಯಾಗಿ ಉಕ್ಕುವುದನ್ನು ನೋಡಿ ಜನ ಮೆಚ್ಚುತ್ತಾರೆ, ಆದರೆ ಗುಣವಾಗುತ್ತಿರುವ ಹೊಸ ಅಂಗಾಂಶವನ್ನೂ ಅದು ಸುಡುತ್ತದೆ. ಮನೆಯಲ್ಲಿ ಅದನ್ನು ಇಟ್ಟುಕೊಳ್ಳಬೇಡಿ.

ಆಪರೇಷನ್ ಮುಗಿಸಿ ಮನೆಗೆ ಬಂದ ಮೇಲೆ ಹೊಲಿಗೆಗೆ ಯಾವುದನ್ನು ಹಚ್ಚಬೇಕು ಎಂಬ ಪ್ರಶ್ನೆಯನ್ನು ನನ್ನನ್ನು ಕೇಳಿದಷ್ಟು ಸಲ ಬೇರೆ ಯಾವುದನ್ನೂ ಕೇಳಿಲ್ಲ. ಅಂಚುಗಳು ಸರಿಯಾಗಿ ಕೂಡಿ ಒಣಗಿರುವ ಹೊಲಿಗೆಗೆ, ಡಾಕ್ಟರು ಬೇರೆ ಹೇಳದ ಹೊರತು, ಈ ಯಾವ ಬಾಟಲಿಯೂ ಬೇಡ. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ: ಮೊದಲ 48 ಗಂಟೆ ಶುಚಿಗೊಳಿಸಬೇಕಾಗಿ ಬಂದರೆ ಸ್ಟೆರೈಲ್ ಸಲೈನ್, ಆಮೇಲೆ ಸ್ನಾನ ಮಾಡಬಹುದು. ದಿನಕ್ಕೆ ಮೂರು ಸಲ ಪಟ್ಟಿ ಬಿಚ್ಚಿ ಬೆಟಾಡಿನ್ ಬಳಿಯುವ ಅತಿ ಕಾಳಜಿಯಿಂದ ಗಾಯ ಬೇಗ ಮಾಯುವುದಿಲ್ಲ; ಬಿಚ್ಚುವ ಕೈಯಿಂದ ಸೋಂಕು ತಗಲುವ ಅವಕಾಶ ಮಾತ್ರ ಹೆಚ್ಚುತ್ತದೆ. ಅರಿಶಿನ, ಕೊಬ್ಬರಿ ಎಣ್ಣೆ, ಕ್ಯಾಪ್ಸೂಲ್ ಒಡೆದು ಉದುರಿಸುವ ಪುಡಿ, ಇವೆಲ್ಲವನ್ನೂ ಹೊಲಿಗೆಯ ಮೇಲೆ ಕಂಡಿದ್ದೇನೆ. ನೋವು ದಿನದಿಂದ ದಿನಕ್ಕೆ ಇಳಿಯುವ ಬದಲು ಏರುವುದು, ಸುತ್ತಲಿನ ಕೆಂಪು ಹಬ್ಬುವುದು, ಬಿಸಿಯಾಗುವುದು, ಕೀವು, ಜ್ವರ, ಇವುಗಳಲ್ಲಿ ಒಂದು ಕಂಡರೂ ಬಾಟಲಿಗೆ ಕೈ ಹಾಕದೆ ಆಸ್ಪತ್ರೆಗೆ ಹೋಗಬೇಕು. ಸಾಮಾನ್ಯ ಆಪರೇಷನ್ ಆಗಿದ್ದರೆ 30 ದಿನ, ಒಳಗೆ ರಾಡು, ಪ್ಲೇಟು ಕೂರಿಸಿದ್ದರೆ 90 ದಿನವಾದರೂ ಗಮನವಿಡಬೇಕು.

ಈಗ ತಮ್ಮನ ಪ್ರಶ್ನೆ. ಚೀಟಿ ಬರೆದವರು ಹೆಚ್ಚಿಗೆ ಏನನ್ನೂ ಬರೆದಿರಲಿಲ್ಲ. ಸಿಸೇರಿಯನ್‌ನಲ್ಲಿ ಹೊಟ್ಟೆಯ ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್ ಸ್ಪಿರಿಟ್ ಒಳ್ಳೆಯದು. ಆದರೆ ಅದೇ ಹೊತ್ತಿಗೆ ಯೋನಿಮಾರ್ಗವನ್ನೂ ಶುಚಿಗೊಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಿಂದ ಹೇಳುತ್ತಿದೆ, ಮತ್ತು ಅಂಥ ಮೃದುವಾದ ಒಳಪೊರೆಗೆ ಸ್ಪಿರಿಟ್ ತಾಗಿಸುವಂತಿಲ್ಲ. ಅಲ್ಲಿಗೆ ಕಂದು ಬಾಟಲಿಯೇ ಬೇಕು. ಮರುದಿನ ಬೆಳಿಗ್ಗೆ ಅವನೊಂದಿಗೆ ನಾನೇ ಅಂಗಡಿಗೆ ಹೋದೆ. ಅಂಗಡಿಯ ಹುಡುಗ ಮೊದಲು ಕೈಗೆ ಕೊಟ್ಟದ್ದು 7.5% ಸ್ಕ್ರಬ್. ಅದನ್ನು ಹಿಂದಕ್ಕೆ ತಳ್ಳಿ, 10% ದ್ರಾವಣದ ನೂರು ಮಿಲಿ ಬಾಟಲಿ ಒಂದು, ಬಣ್ಣ ಬೆರೆಸಿದ ಕ್ಲೋರ್‌ಹೆಕ್ಸಿಡಿನ್ ಸ್ಪಿರಿಟ್ ಒಂದು, ಎರಡರ ಸೀಲನ್ನೂ ತಾರೀಖನ್ನೂ ನೋಡಿ ತಂದೆವು.